ಆಟಿ ತಿಂಗಳ ಐದು ಬೆಳಿಗ್ಗೆ: ಪಂಚಭೂತಗಳನ್ನು ಮೈಯಲ್ಲೇ ಗುರುತಿಸುವ ಬಗೆ

ಮಳೆಗಾಲದಲ್ಲಿ ನಮ್ಮ ಮಡಿಕೇರಿ ಕಡೆಯ ಅಡುಗೆಮನೆಯ ಉಪ್ಪಿನ ಭರಣಿ ನೋಡಿದ್ದೀರಾ? ಜುಲೈ ಅರ್ಧ ಕಳೆಯುವಷ್ಟರಲ್ಲಿ ಕಲ್ಲುಪ್ಪು ಕರಗಿ ತಳದಲ್ಲಿ ನೀರು ನಿಂತಿರುತ್ತದೆ. ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಹಪ್ಪಳ ಮೆತ್ತಗಾಗುತ್ತದೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಮರಕ್ಕೆ, ಉಪ್ಪಿಗೆ, ಬಟ್ಟೆಗೇ ಹೀಗಾದರೆ ಅದೇ ಮನೆಯಲ್ಲಿರುವ ಮೈಗೆ ಏನೂ ಆಗುವುದಿಲ್ಲವಾ? ಆಗುತ್ತದೆ. ಮೊಣಕಾಲು ಹಿಡಿಯುತ್ತದೆ, ಹಸಿವು ಮಂದವಾಗುತ್ತದೆ, ಬೆಳಿಗ್ಗೆ ಎದ್ದರೆ ತಲೆ ಭಾರ. ಹಿರಿಯರು ಇದನ್ನೆಲ್ಲ ಪಂಚಭೂತಗಳ ಲೆಕ್ಕದಲ್ಲಿ ಅರ್ಥ ಮಾಡಿಕೊಂಡಿದ್ದರು.

ಮಣ್ಣು, ನೀರು, ಬೆಂಕಿ, ಗಾಳಿ, ಆಕಾಶ. ಹೆಸರು ನಮಗೆಲ್ಲ ಬಾಯಿಪಾಠ. ಆದರೆ ನಿಮ್ಮ ಮೈಯಲ್ಲಿ ಇವು ಎಲ್ಲಿವೆ ತೋರಿಸಿ ಅಂದರೆ ಸುಮ್ಮನಾಗಿಬಿಡುತ್ತೇವೆ. ಅದನ್ನು ತೋರಿಸಿಕೊಡುವ ಒಂದು ಸುಲಭದ ಕ್ರಮ ಇಲ್ಲಿದೆ. ದಿನಕ್ಕೆ ಒಂದು ಭೂತ, ಹತ್ತು ನಿಮಿಷ. ಐದು ದಿನ ಸಾಕು. ಯಾವ ಕಾಲದಲ್ಲೂ ಮಾಡಬಹುದು. ಆದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಆಟಿ, ಅಂದರೆ ಕೊಡವರು ಕಕ್ಕಡ ಅನ್ನುವ ತಿಂಗಳಲ್ಲಿ ಮಾಡಿದರೆ ಹೆಚ್ಚು ಚೆನ್ನಾಗಿ ತಿಳಿಯುತ್ತದೆ. ಆಗ ಹೊರಗೂ ಒಳಗೂ ಎಲ್ಲವೂ ಅತಿಯಾಗಿರುತ್ತವೆ. ಅತಿಯಾದಾಗಲೇ ಗುಣ ಕಣ್ಣಿಗೆ ಬೀಳುವುದು.

ಶುರು ಮಾಡುವ ಮುಂಚೆ

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪಂಚಭೂತ ಬೇರೆ, ರಸಾಯನಶಾಸ್ತ್ರದ 118 ಮೂಲವಸ್ತುಗಳು ಬೇರೆ. ನಮ್ಮ ಮೈತೂಕದಲ್ಲಿ ನೂರಕ್ಕೆ ಸುಮಾರು 96 ಭಾಗ ಆಮ್ಲಜನಕ, ಇಂಗಾಲ, ಜಲಜನಕ, ಸಾರಜನಕ ಈ ನಾಲ್ಕರಿಂದಲೇ ಆಗಿದೆ. ಅದು ಪ್ರಯೋಗಾಲಯದ ಲೆಕ್ಕ. ಪಂಚಭೂತ ನಮ್ಮ ಇಂದ್ರಿಯಗಳ ಲೆಕ್ಕ. ಆಯುರ್ವೇದದ ಹಳೆಯ ಗ್ರಂಥವಾದ ಚರಕ ಸಂಹಿತೆ ಪ್ರತಿಯೊಂದು ಭೂತಕ್ಕೂ ಒಂದೊಂದು ಗುರುತು ಹೇಳುತ್ತದೆ: ಮಣ್ಣಿಗೆ ಗಟ್ಟಿತನ, ನೀರಿಗೆ ಹರಿಯುವ ಗುಣ, ಗಾಳಿಗೆ ಚಲನೆ, ಬೆಂಕಿಗೆ ಬಿಸಿ, ಆಕಾಶಕ್ಕೆ ಅಡ್ಡಿ ಮಾಡದೆ ಎಡೆ ಕೊಡುವ ಗುಣ. ಹಾಗಾಗಿ ಮೈಯಲ್ಲಿ ಮಣ್ಣು ಎಲ್ಲಿದೆ ಅಂತ ಹುಡುಕಬೇಡಿ. ಗಟ್ಟಿತನ ಎಲ್ಲಿದೆ ಅಂತ ಹುಡುಕಿ. ಇದೊಂದು ಕೈಗೆ ಸಿಕ್ಕರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ತೈತ್ತಿರೀಯ ಉಪನಿಷತ್ತು ಆಕಾಶದಿಂದ ಗಾಳಿ, ಗಾಳಿಯಿಂದ ಬೆಂಕಿ, ಬೆಂಕಿಯಿಂದ ನೀರು, ನೀರಿನಿಂದ ಮಣ್ಣು ಅಂತ ಮೇಲಿನಿಂದ ಇಳಿದು ಬರುತ್ತದೆ. ಮಣ್ಣಿನಿಂದ ಗಿಡ, ಗಿಡದಿಂದ ಅನ್ನ, ಅನ್ನದಿಂದ ಮನುಷ್ಯ. ನಾವು ಕೆಳಗಿನಿಂದ ಹತ್ತೋಣ. ಮಣ್ಣು ಕೈಗೆ ಸಿಗುತ್ತದೆ, ಆಕಾಶ ಸಿಗುವುದಿಲ್ಲ. ಸಿಗುವುದರಿಂದ ಶುರು ಮಾಡುವುದು ಒಳ್ಳೆಯದು ಅಲ್ವಾ?

ಬೇಕಾದದ್ದು ಒಂದು ನೋಟ್‌ಬುಕ್ಕು, ಎರಡು ಏಲಕ್ಕಿ, ಒಂದು ತುಂಡು ಕಲ್ಲುಸಕ್ಕರೆ, ಒಂದು ಶುಭ್ರ ಬಟ್ಟೆ. ಸಮಯ ಬೆಳಿಗ್ಗೆ ಎದ್ದು ಬಾಯಿ ತೊಳೆದ ಮೇಲೆ, ಕಾಫಿಗೆ ಮುಂಚೆ. ನಮ್ಮೂರಲ್ಲಿ ಕಾಫಿ ಮುಂದಕ್ಕೆ ಹಾಕುವುದು ಕಷ್ಟ ಅಂತ ಗೊತ್ತು. ಹತ್ತೇ ನಿಮಿಷ ತಡೆಯಿರಿ.

ಮೊದಲ ದಿನ: ಮಣ್ಣು

ನೆಲದ ಮೇಲೆ ಚಾಪೆ ಹಾಸಿ ಕುಳಿತುಕೊಳ್ಳಿ. ಬಲಗೈ ಬೆರಳಿನಿಂದ ಎಡಗೈಯ ಗಿಣ್ಣುಗಳನ್ನು ಒತ್ತಿ ನೋಡಿ. ಆಮೇಲೆ ಮೊಣಕೈ, ಮೊಣಕಾಲ ಚಿಪ್ಪು, ದವಡೆ, ಹಲ್ಲು, ಉಗುರು. ಒತ್ತಿದರೂ ತಗ್ಗದೆ ಎದುರು ನಿಲ್ಲುವುದೆಲ್ಲ ನಿಮ್ಮೊಳಗಿನ ಮಣ್ಣು. ಬೆಳೆದವರ ಮೈಯಲ್ಲಿ 206 ಮೂಳೆ. ಮೈಯ ಸುಣ್ಣದ ಅಂಶದಲ್ಲಿ ನೂರಕ್ಕೆ 99ರಷ್ಟು ಮೂಳೆ ಮತ್ತು ಹಲ್ಲಿನಲ್ಲೇ ಇದೆ. ಕುಳಿತಲ್ಲೇ ಮೈಯ ಭಾರ ಎಲ್ಲಿ ನೆಲಕ್ಕೆ ಇಳಿಯುತ್ತಿದೆ ಗಮನಿಸಿ. ಭಾರವೂ ಮಣ್ಣಿನ ಗುಣವೇ.

ಮಣ್ಣಿನ ಇಂದ್ರಿಯ ಮೂಗು, ಅದರ ವಿಷಯ, ಅಂದರೆ ಆ ಇಂದ್ರಿಯ ಹಿಡಿಯುವುದು, ವಾಸನೆ. ಇದಕ್ಕೆ ಏಲಕ್ಕಿ ಪರೀಕ್ಷೆ ಮಾಡಿ. ಮೂಗನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದುಕೊಂಡು ನಾಲ್ಕು ಏಲಕ್ಕಿ ಕಾಳು ಅಗಿಯಿರಿ. ಒಂಚೂರು ಖಾರ, ಒಂಚೂರು ಕಹಿ, ಅಷ್ಟೇ. ಏಲಕ್ಕಿ ಅಂತ ಗೊತ್ತೇ ಆಗುವುದಿಲ್ಲ. ಈಗ ಮೂಗು ಬಿಡಿ. ಒಂದೇ ಕ್ಷಣದಲ್ಲಿ ಬಾಯಿ ತುಂಬ ಏಲಕ್ಕಿ! ನಾವು ರುಚಿ ಅಂದುಕೊಂಡಿರುವುದರಲ್ಲಿ ಎಷ್ಟೋ ಪಾಲು ವಾಸನೆ. ನಾಲಿಗೆಯ ಕೆಲಸ ಯಾವುದು, ಮೂಗಿನ ಕೆಲಸ ಯಾವುದು ಅಂತ ಹಿರಿಯರು ಯಾಕೆ ಬೇರೆ ಬೇರೆ ಇಟ್ಟರು ಅಂತ ನನಗೆ ಅರ್ಥವಾದದ್ದು ಇದನ್ನು ಮಾಡಿ ನೋಡಿದ ಮೇಲೆ. ನೆಗಡಿ ಬಂದಾಗ ಸಾರು ಸಪ್ಪೆ ಅನ್ನಿಸುವುದೂ ಇದೇ ಕಾರಣಕ್ಕೆ.

ಮೊದಲ ಮಳೆಗೆ ತೋಟದ ಮಣ್ಣಿನಿಂದ ಏಳುವ ಘಮ ನಿಮಗೆ ಗೊತ್ತಿರುತ್ತದೆ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಉಂಟುಮಾಡುವ ಜಿಯೋಸ್ಮಿನ್ ಅನ್ನುವ ವಸ್ತು ಅದರಲ್ಲಿದೆ. ಅದು ಅತಿ ಅತಿ ಸ್ವಲ್ಪ ಇದ್ದರೂ ಮನುಷ್ಯರ ಮೂಗು ಹಿಡಿದುಬಿಡುತ್ತದೆ. ಮಣ್ಣಿಗೂ ಮೂಗಿಗೂ ಅಷ್ಟು ಹತ್ತಿರದ ನಂಟು.

ನೋಟ್‌ಬುಕ್ಕಿನಲ್ಲಿ ಎರಡೇ ಸಾಲು ಬರೆಯಿರಿ. ಇವತ್ತು ಮೈ ಭಾರವಾಗಿದೆಯಾ, ಹಗುರವಾಗಿದೆಯಾ? ಮೂಗು ತೆರೆದಿದೆಯಾ, ಕಟ್ಟಿದೆಯಾ?

ಎರಡನೇ ದಿನ: ನೀರು

ಬಟ್ಟೆಯಿಂದ ನಾಲಿಗೆಯ ತುದಿಯನ್ನು ಚೆನ್ನಾಗಿ ಒರೆಸಿ ಒಣಗಿಸಿ. ಬಾಯಿ ತೆರೆದೇ ಇಟ್ಟು, ಆ ಒಣ ಜಾಗದ ಮೇಲೆ ಕಲ್ಲುಸಕ್ಕರೆಯ ತುಂಡು ಇಡಿ. ಸಿಹಿ ಗೊತ್ತಾಗುವುದಿಲ್ಲ, ಬರೀ ಒಂದು ಕಲ್ಲು ಇಟ್ಟಂತೆ. ಕಾಯಿರಿ. ಜೊಲ್ಲು ಊರಿ ಸಕ್ಕರೆಯ ಅಂಚು ಒದ್ದೆಯಾಗುತ್ತಿದ್ದ ಹಾಗೆ ಸಿಹಿ ಹುಟ್ಟುತ್ತದೆ. ಕರಗದೆ ರುಚಿಯಿಲ್ಲ, ನೀರಿಲ್ಲದೆ ಕರಗುವುದಿಲ್ಲ. ನೀರಿನ ಇಂದ್ರಿಯ ನಾಲಿಗೆ, ವಿಷಯ ರುಚಿ ಅಂತ ಹಳಬರು ಹೇಳಿದ್ದು ಊಹೆಯ ಮಾತಾಗಿರಲಿಲ್ಲ. ಮಕ್ಕಳ ಕೈಯಲ್ಲಿ ಇದನ್ನು ಮಾಡಿಸಿ. ಅವರ ಮುಖ ನೋಡುವುದೇ ಒಂದು ಖುಷಿ.

ಬೆಳೆದವರ ಮೈತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ನೀರು. ಜೊಲ್ಲೇ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಊರುತ್ತದೆ. ರಕ್ತ, ಬೆವರು, ಕಣ್ಣೀರು, ಮೂತ್ರ, ಕೀಲುಗಳ ನಡುವಿನ ಜಾರು ದ್ರವ, ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಅಂಟಿಸಿ ಹಿಡಿಯುವುದೂ ನೀರಿನ ಗುಣ. ಅಕ್ಕಿಹಿಟ್ಟಿಗೆ ನೀರು ಬಿದ್ದರೆ ತಾನೇ ರೊಟ್ಟಿ ಆಗುವುದು? ಆದರೆ ನೀರು ಹೆಚ್ಚಾದರೆ ಹಿಟ್ಟು ಕೈಯಲ್ಲಿ ನಿಲ್ಲುವುದಿಲ್ಲ. ಮಣ್ಣು ಅಳತೆ ಮೀರಿ ನೀರು ಕುಡಿದು ತನ್ನ ಗಟ್ಟಿತನ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಕೊಡಗಿನವರಿಗೆ ಹೇಳಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕೆಸರಾಗಿ ಇಳಿದದ್ದನ್ನು ನೋಡಿದ್ದೇವೆ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಕುಸಿಯಿತು.

ಮೈಯಲ್ಲೂ ಇದನ್ನು ನೋಡಿಕೊಳ್ಳಬೇಕು. ಮೊಣಕಾಲ ಕೆಳಗೆ, ಮುಂಗಾಲ ಮೂಳೆಯ ಮೇಲೆ ಹೆಬ್ಬೆರಳಿನಿಂದ ಹತ್ತು ಎಣಿಸುವವರೆಗೆ ಒತ್ತಿ ಬಿಡಿ. ಚರ್ಮ ಕೂಡಲೇ ಮೇಲೆ ಬಂದರೆ ಸರಿ. ಕುಳಿ ಹಾಗೇ ಉಳಿದರೆ ಕಾಲಿನಲ್ಲಿ ನೀರು ತುಂಬಿದೆ ಅಂತ. ಮನೆಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಹೃದಯ, ಕಿಡ್ನಿ, ಲಿವರ್ ಯಾವುದರ ತೊಂದರೆಯಾದರೂ ಇರಬಹುದು.

ಇನ್ನೊಂದು ವಿಷಯ. ಸುತ್ತ ಇಷ್ಟು ನೀರಿದ್ದರೂ ಚಳಿಗೆ ಬಾಯಾರಿಕೆ ಆಗುವುದಿಲ್ಲ, ನಾವು ಕುಡಿಯುವುದನ್ನೇ ಮರೆಯುತ್ತೇವೆ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲುತ್ತಿಲ್ಲ. ಮಳೆಗಾಲದಲ್ಲಿ ಬಾವಿ, ತೋಡಿನ ನೀರು ಕದಡಿರುತ್ತದೆ. ಹೊಳೆಯ ನೀರು ಈ ಕಾಲದಲ್ಲಿ ಬೇಡ, ಕುದಿಸಿದ ನೀರು ಕುಡಿಯಿರಿ ಅಂತ ಹಳೆಯ ಋತುಚರ್ಯೆಯೂ, ಅಂದರೆ ಕಾಲಕ್ಕೆ ತಕ್ಕ ಊಟ ನಡವಳಿಕೆಯ ನಿಯಮವೂ, ಹೇಳುತ್ತದೆ. ಕುದಿ ಬಂದ ಮೇಲೂ ಸ್ವಲ್ಪ ಹೊತ್ತು ಕುದಿಯಲಿ. ಆ ನೀರಿಗೆ ಒಂದು ಚಿಟಿಕೆ ಜೀರಿಗೆ ಹಾಕಿದರೆ ಕುಡಿಯಲೂ ಹಿತ.

ಮೂರನೇ ದಿನ: ಬೆಂಕಿ

ಇವತ್ತು ಅಂಗೈಗಳನ್ನು ಉಜ್ಜಿ ಕಣ್ಣಿನ ಮೇಲೆ ಇಟ್ಟುಕೊಳ್ಳಿ. ಬಿಸಿ ಗೊತ್ತಾಗುತ್ತದೆ. ಆಮೇಲೆ ಆ ಕೈಗಳನ್ನು ಹೊಕ್ಕುಳಿನ ಮೇಲಿಡಿ. ಹೊರಗೆ ಎಷ್ಟೇ ಚಳಿ ಇದ್ದರೂ ಮೈಯೊಳಗೆ ಸುಮಾರು 37 ಡಿಗ್ರಿ. ಬೆಂಕಿಯ ಇಂದ್ರಿಯ ಕಣ್ಣು, ವಿಷಯ ರೂಪ. ಕರೆಂಟು ಹೋದ ರಾತ್ರಿ, ಅದು ನಮ್ಮಲ್ಲಿ ಏನೂ ಅಪರೂಪವಲ್ಲ, ಕೋಣೆಯಲ್ಲಿ ಒಂದು ಕಡ್ಡಿ ಗೀರಿ ನೋಡಿ. ಬೆಳಕು ಬಿದ್ದ ಮೇಲೆಯೇ ಕುರ್ಚಿಗೆ ಕುರ್ಚಿಯ ಆಕಾರ ಬರುವುದು.

ಆದರೆ ಆಯುರ್ವೇದಕ್ಕೆ ಬೆಂಕಿ ಅಂದರೆ ಮುಖ್ಯವಾಗಿ ಹೊಟ್ಟೆಯ ಬೆಂಕಿ, ಜಠರಾಗ್ನಿ. ಒಟ್ಟು ಹದಿಮೂರು ಅಗ್ನಿಗಳ ಲೆಕ್ಕವಿದೆ: ಜಠರಾಗ್ನಿ ಒಂದು, ಭೂತಗಳಿಗೆ ಒಂದೊಂದರಂತೆ ಐದು, ಮೈಯನ್ನು ಕಟ್ಟುವ ರಸ ರಕ್ತ ಮೊದಲಾದ ಏಳು ಧಾತುಗಳಿಗೆ ಏಳು. ಮೊದಲನೆಯದು ಸರಿಯಿದ್ದರೆ ಉಳಿದವು ನಡೆಯುತ್ತವೆ. ಮಳೆಗಾಲದಲ್ಲಿ ಮಂದವಾಗುವುದು ಅದೇ.

ಇಲ್ಲಿ ನನ್ನದೇ ಒಂದು ಅನುಭವ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಶಿಬಿರದಲ್ಲಿ ಪ್ರಶ್ನೆಗಳ ಹಾಳೆ ತುಂಬಿಸಿಕೊಂಡು, ನಿಮ್ಮದು ಪಿತ್ತದ ಮೈ, ತಂಪಾದದ್ದನ್ನೇ ತಿನ್ನಿ ಅಂದರು. ನಾನು ಅದನ್ನು ಆಟಿಯಲ್ಲೂ ಬಿಡದೆ ನಡೆಸಿದೆ. ಬೆಳಿಗ್ಗೆ ಎಳನೀರು, ಮಧ್ಯಾಹ್ನ ಸೌತೆಕಾಯಿ ಮೊಸರು, ಖಾರ ಹುಳಿ ಪೂರ್ತಿ ಬಂದ್. ಹದಿನೈದು ದಿನಕ್ಕೆ ಹೊಟ್ಟೆ ಉಬ್ಬರ, ಗಂಟಲಲ್ಲಿ ಕಫ, ಮೈಯೆಲ್ಲ ಜಡ. ಅಜ್ಜಿ ನನ್ನನ್ನು ಒಲೆಯ ಹತ್ತಿರ ಕೂರಿಸಿ ಒಂದು ಹಸಿ ಸೌದೆ ಎತ್ತಿ ಒಲೆಗಿಟ್ಟರು. ಬುಸ್ ಅಂತ ತುದಿಯಲ್ಲಿ ನೊರೆ ಬಂತು, ಹೊಗೆ ಕವಿಯಿತು, ಇದ್ದ ಕೆಂಡವೂ ಕಪ್ಪಾಯಿತು. "ನಿನ್ನ ಹೊಟ್ಟೆಗೆ ನೀನು ಮಾಡುತ್ತಿರುವುದು ಇದೇ. ಹೊರಗೆ ನೋಡು ಮಗಾ, ಆಮೇಲೆ ಹಾಳೆ ನೋಡು" ಅಂದರು. ಆ ದಿನದಿಂದ ನಾನು ಮೊದಲು ಕಾಲ ನೋಡುತ್ತೇನೆ, ಆಮೇಲೆ ಮೈಯ ಬಗೆ ನೋಡುತ್ತೇನೆ.

ಹಾಗಾಗಿ ಇವತ್ತಿನ ಕೆಲಸ ಹಸಿವನ್ನು ಗುರುತಿಸುವುದು. ಗಂಟೆ ನೋಡಿ ಊಟಕ್ಕೆ ಕೂರಬೇಡಿ. ಹಿಂದಿನ ಊಟದ ತೇಗು ಇನ್ನೂ ಬರುತ್ತಿದ್ದರೆ ಕಾಯಿರಿ. ತೇಗು ಶುದ್ಧವಾಗಿ, ಹೊಟ್ಟೆ ಹಗುರವಾಗಿ, ಬಾಯಲ್ಲಿ ನೀರೂರಿದರೆ ಕೆಂಡ ಹೊತ್ತಿದೆ ಅಂತ. ಊಟಕ್ಕೆ ಸ್ವಲ್ಪ ಮುಂಚೆ ಹಸಿ ಶುಂಠಿಯ ತೆಳು ಬಿಲ್ಲೆಗೆ ಎರಡು ಹರಳು ಉಪ್ಪು ಹಾಕಿ ಅಗಿಯಿರಿ. ಹೊಟ್ಟೆಹುಣ್ಣು, ಎದೆಯುರಿ ಇರುವವರು ಇದನ್ನು ಮಾಡಬೇಡಿ. ಬಿಪಿ ಇರುವವರು ಉಪ್ಪು ಬಿಡಿ. ಸಾರಿಗೆ ನಮ್ಮ ತೋಟದ ಕಾಳುಮೆಣಸು, ಪಲ್ಯಕ್ಕೋ ಗಸಿಗೋ ನಾಲ್ಕು ಹನಿ ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಕಪ್ಪು ಹುಳಿರಸ. ಮಳೆಗಾಲಕ್ಕೆ ಹುಳಿ, ಉಪ್ಪು, ಜಿಡ್ಡು, ಬಿಸಿ ಇರುವ ಊಟವನ್ನೇ ಚರಕನೂ ಹೇಳುವುದು. ನಮ್ಮ ಅಡುಗೆಮನೆ ಅದನ್ನು ಓದದೆಯೇ ಪಾಲಿಸಿಕೊಂಡು ಬಂದಿದೆ.

ಕಣಿಲೆ, ಅಂದರೆ ಎಳೆ ಬಿದಿರು ಸಿಗುವ ಕಾಲವೂ ಇದೇ. ಹೆಚ್ಚಿ ಎರಡು ಮೂರು ದಿನ ನೀರಲ್ಲಿ ನೆನೆಸಿ, ದಿನಾ ನೀರು ಬದಲಿಸಿ, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಹಸಿ ಕಣಿಲೆಯಲ್ಲಿ ವಿಷದ ಅಂಶವಿದೆ.

ನಾಲ್ಕನೇ ದಿನ: ಗಾಳಿ

ಕಿಟಕಿಯ ಬಳಿ ಕುಳಿತು ಮುಖಕ್ಕೆ ಗಾಳಿ ತಾಗಲು ಬಿಡಿ. ಗಾಳಿ ಕಾಣುವುದಿಲ್ಲ, ಚರ್ಮಕ್ಕೆ ಮಾತ್ರ ಗೊತ್ತಾಗುತ್ತದೆ. ಅದಕ್ಕೇ ಅದರ ಇಂದ್ರಿಯ ಚರ್ಮ, ವಿಷಯ ಸ್ಪರ್ಶ. ಈಗ ಒಂದು ನಿಮಿಷ ಉಸಿರು ಎಣಿಸಿ. ಆರಾಮವಾಗಿ ಕುಳಿತಾಗ 12ರಿಂದ 20ರ ಒಳಗೆ ಇರಬೇಕು. ಬದಲಿಸಲು ಹೋಗಬೇಡಿ, ಸುಮ್ನೆ ಎಣಿಸಿ.

ಮೈಯಲ್ಲಿ ಚಲಿಸುವುದೆಲ್ಲ ಗಾಳಿಯ ಪಾಲು: ಎದೆಬಡಿತ, ರೆಪ್ಪೆ ಮಿಟುಕಿಸುವುದು, ಕರುಳಿನ ಗುಡುಗುಡು. ಅದು ಇರುವ ಜಾಗ ನೋಡಿ ಐದು ಹೆಸರು ಕೊಟ್ಟಿದ್ದಾರೆ. ಒಳಗೆ ಎಳೆದುಕೊಳ್ಳುವುದು ಪ್ರಾಣ, ಕೆಳಗೆ ಹೊರಹಾಕುವುದು ಅಪಾನ, ಹೊಟ್ಟೆಯಲ್ಲಿ ಅಗ್ನಿಯ ಪಕ್ಕ ಇರುವುದು ಸಮಾನ, ಮಾತನ್ನು ಮೇಲಕ್ಕೆ ತರುವುದು ಉದಾನ, ಮೈಯೆಲ್ಲ ಓಡಾಡುವುದು ವ್ಯಾನ.

ವಾತ ಬೇಸಿಗೆಯಲ್ಲಿ ಕೂಡಿಕೊಂಡು ಮಳೆಗಾಲದಲ್ಲಿ ಕೆರಳುತ್ತದೆ ಅನ್ನುತ್ತದೆ ಆಯುರ್ವೇದ. ಮೋಡ ಕಟ್ಟುವ ಮುಂಚೆಯೇ ಅಜ್ಜಂದಿರ ಮೊಣಕಾಲಿಗೆ ಸುದ್ದಿ ಮುಟ್ಟುತ್ತದಲ್ಲ, ಅದನ್ನು ಅವರು ಹೀಗೆ ವಿವರಿಸಿದರು. ಪರಿಹಾರ ಎಣ್ಣೆ ಮತ್ತು ಬಿಸಿ. ಎಳ್ಳೆಣ್ಣೆಯನ್ನು ಬಟ್ಟಲಲ್ಲಿ ಉಗುರುಬೆಚ್ಚಗೆ ಮಾಡಿ ಮೊಣಕಾಲಿಗೆ ಸುತ್ತಲೂ, ಪಾದಕ್ಕೆ, ನಡುವಿಗೆ ಹತ್ತು ನಿಮಿಷ ಮೆಲ್ಲಗೆ ತಿಕ್ಕಿ. ಅರ್ಧ ಗಂಟೆ ಬಿಟ್ಟು ಹಂಡೆಯ ಬಿಸಿನೀರಿನ ಸ್ನಾನ. ಎಣ್ಣೆಕಾಲಲ್ಲಿ ಬಚ್ಚಲಿಗೆ ಹೋಗುವಾಗ ಜೋಪಾನ, ಒಂದು ಗೋಣಿಚೀಲ ಹಾಸಿಕೊಳ್ಳಿ. ಜ್ವರ ಇದ್ದಾಗ, ಊಟವಾದ ಕೂಡಲೇ, ಕೀಲು ಕೆಂಪಾಗಿ ಊದಿಕೊಂಡಿದ್ದಾಗ ಎಣ್ಣೆ ತಿಕ್ಕಬೇಡಿ. ತೋಟದಿಂದ ಒದ್ದೆಯಾಗಿ ಬಂದರೆ ಮೊದಲು ತಲೆ, ಪಾದ ಒರೆಸಿಕೊಳ್ಳಿ. ಬೆರಳಿನ ಸಂದಿಯನ್ನೂ ಮರೆಯಬೇಡಿ.

ಐದನೇ ದಿನ: ಆಕಾಶ

ಆಕಾಶ ಅಂದರೆ ತಲೆಯ ಮೇಲಿನ ನೀಲಿ ಅಂತ ತಿಳಿದರೆ ಇಲ್ಲಿ ದಾರಿ ತಪ್ಪುತ್ತದೆ. ಆಕಾಶ ಅಂದರೆ ಎಡೆ. ಬಾಯೊಳಗಿನ ಜಾಗ, ಮೂಗಿನ ಹೊಳ್ಳೆ, ಕಿವಿಯ ಸುರಂಗ, ಕರುಳಿನ ಟೊಳ್ಳು. ತುಂಬಿದ ಕೊಡ ತಟ್ಟಿ ನೋಡಿ, ಖಾಲಿ ಕೊಡ ತಟ್ಟಿ ನೋಡಿ. ನಮ್ಮ ಕೊಡವ ವಾದ್ಯ ದುಡಿಯನ್ನೇ ನೋಡಿ, ಒಳಗೆ ಟೊಳ್ಳು ಇಲ್ಲದಿದ್ದರೆ ಅದು ಬರೀ ಮರದ ತುಂಡು. ಆಕಾಶದ ವಿಷಯ ಶಬ್ದ, ಇಂದ್ರಿಯ ಕಿವಿ. ಸದ್ದು ಸಾಗಲು ಗಾಳಿ, ನೀರಿನಂಥ ಯಾವುದಾದರೂ ವಸ್ತು ಬೇಕು ಅಂತ ಭೌತಶಾಸ್ತ್ರ ಹೇಳುವುದು ನಿಜ. ಎಡೆಯಿಲ್ಲದೆ ಸದ್ದಿಗೆ ಮೊಳಗಿಲ್ಲ ಅನ್ನುವುದು ಹಳಬರು ಕಂಡದ್ದು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು.

ಹೆಬ್ಬೆರಳಿನಿಂದ ಎರಡೂ ಕಿವಿ ಮುಚ್ಚಿ, ತುಟಿ ಮುಚ್ಚಿ, ಉಸಿರು ಬಿಡುತ್ತಾ ಮ್‌ಮ್ ಅಂತ ದುಂಬಿಯ ಹಾಗೆ ಗುನುಗಿ. ಐದು ಸಲ. ತಲೆಬುರುಡೆಯ ಒಳಗೆ, ಎದೆಯ ಒಳಗೆ ಎಲ್ಲೆಲ್ಲಿ ಜಾಗ ಇದೆ ಅಂತ ಆ ಮೊಳಗು ತಾನೇ ತೋರಿಸುತ್ತದೆ. ಆಮೇಲೆ ಕೈ ತೆಗೆದು ಮಳೆಯ ಸದ್ದು ಕೇಳಿ. ಹೆಂಚಿನ ಮೇಲೆ ಬೀಳುವುದು ಬೇರೆ, ಬಾಳೆ ಎಲೆಯ ಮೇಲೆ ಬೀಳುವುದು ಬೇರೆ, ಕಾಫಿ ಗಿಡದ ಮೇಲೆ ಸಿಲ್ವರ್ ಓಕ್‌ನಿಂದ ತೊಟ್ಟಿಕ್ಕುವುದು ಬೇರೆ. ನನಗೆ ಐದು ದಿನದಲ್ಲಿ ಅತಿ ಇಷ್ಟದ ಹತ್ತು ನಿಮಿಷ ಇದೇ.

ಊಟದಲ್ಲೂ ಆಕಾಶಕ್ಕೆ ಪಾಲು ಇಡಬೇಕು. ಹೊಟ್ಟೆಯ ಅರ್ಧ ಅನ್ನಕ್ಕೆ, ಕಾಲು ನೀರಿಗೆ, ಇನ್ನು ಕಾಲು ಖಾಲಿ ಅಂತ ಆಯುರ್ವೇದದ ಇನ್ನೊಂದು ಹಳೆಯ ಗ್ರಂಥ ಅಷ್ಟಾಂಗ ಹೃದಯದ ಅಳತೆ. ಒಲೆಯೊಳಗೆ ಸೌದೆ ಗಿಡಿದು ತುಂಬಿದರೆ ಉರಿಯುವುದಿಲ್ಲ. ಇದೂ ಹಾಗೇ.

ಐದನ್ನೂ ಕೂಡಿಸಿ ಓದುವುದು

ನೋಟ್‌ಬುಕ್ಕು ತೆರೆಯಿರಿ. ಗಾಳಿ ಮತ್ತು ಆಕಾಶ ಸೇರಿದರೆ ವಾತ, ಬೆಂಕಿ ಮತ್ತು ನೀರು ಸೇರಿದರೆ ಪಿತ್ತ, ನೀರು ಮತ್ತು ಮಣ್ಣು ಸೇರಿದರೆ ಕಫ. ಭಾರ, ಕಟ್ಟಿದ ಮೂಗು, ಮಂಕು ಅಂತ ಬರೆದಿದ್ದರೆ ಕಫದ ಕಡೆ ವಾಲಿದ್ದೀರಿ. ಕೀಲುನೋವು, ಒಣಚರ್ಮ, ಹೊಟ್ಟೆಯಲ್ಲಿ ವಾಯು ಅಂತಿದ್ದರೆ ವಾತ. ಉರಿ, ಹುಳಿತೇಗು ಇದ್ದರೆ ಪಿತ್ತ. ಯಾವುದು ಹೆಚ್ಚಿದೆಯೋ ಅದರ ಎದುರಿನ ಗುಣ ತನ್ನಿ. ಭಾರಕ್ಕೆ ಹಗುರ, ಒಣಗಿದ್ದಕ್ಕೆ ಜಿಡ್ಡು, ಚಳಿಗೆ ಬಿಸಿ. ರುಚಿಯಲ್ಲೂ ಇದೇ ಲೆಕ್ಕ. ಸಿಹಿಯಲ್ಲಿ ಮಣ್ಣು ಮತ್ತು ನೀರು ಇರುವುದರಿಂದ ಅದು ಭಾರ. ಖಾರದಲ್ಲಿ ಗಾಳಿ ಮತ್ತು ಬೆಂಕಿ ಇರುವುದರಿಂದ ಅದು ಕಫವನ್ನು ಕರಗಿಸುತ್ತದೆ. ಹಾಗಂತ ನಿಮ್ಮ ಮೇಲೆ ಶಾಶ್ವತವಾಗಿ ಒಂದು ಹೆಸರು ಅಂಟಿಸಿಕೊಳ್ಳಬೇಡಿ. ಇವತ್ತಿನ ಪುಟ ಇವತ್ತಿಗೆ ಮಾತ್ರ.

ಇದು ಮೈಯನ್ನು ಗಮನಿಸುವ ಅಭ್ಯಾಸ, ರೋಗ ಪತ್ತೆ ಮಾಡುವ ವಿಧಾನವಲ್ಲ. ಎರಡು ದಿನ ಮೀರಿದ ಜ್ವರ, ಉಸಿರಾಟದ ಕಷ್ಟ, ಕಣ್ಣು ಹಳದಿಯಾಗುವುದು, ಮೀನಖಂಡದಲ್ಲಿ ವಿಪರೀತ ನೋವು ಇದ್ದರೆ ಕಷಾಯ ಕುಡಿದು ಕಾಯಬೇಡಿ. ಗದ್ದೆ, ತೋಟದ ನೀರಲ್ಲಿ ಓಡಾಡುವವರಿಗೆ ಇಲಿಜ್ವರ ಬರಬಹುದು, ಡೆಂಗಿಯೂ ಇದೇ ಕಾಲದ್ದು. ರಕ್ತಪರೀಕ್ಷೆ ಮಾಡಿಸಿ.

ಆಟಿ ಹದಿನೆಂಟರ ಪಾಯಸ

ಐದು ದಿನ ಆಗಸ್ಟ್ 2ಕ್ಕೆ ಮುಗಿಯುವಂತೆ ಹೊಂದಿಸಿಕೊಂಡರೆ ಮರುದಿನ, ಅಂದರೆ ಆಗಸ್ಟ್ 3ರ ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡಬಹುದು. ಆ ದಿನಕ್ಕೆ ಆ ಸೊಪ್ಪಿನಲ್ಲಿ ಹದಿನೆಂಟು ಮದ್ದು ಕೂಡಿರುತ್ತವೆ ಅಂತ ನಮ್ಮ ಹಿರಿಯರ ನಂಬಿಕೆ. ಗಿಡ ಗೊತ್ತಿರುವವರ ಕೈಯಲ್ಲೇ ಕೀಳಿಸಿ, ಅಂದಾಜಿನ ಮೇಲೆ ಯಾವುದೋ ಸೊಪ್ಪು ತರಬೇಡಿ. ಎಳೆ ದಂಟಿನ ಸಮೇತ ತೊಳೆದು, ಮುಳುಗುವಷ್ಟು ನೀರು ಹಾಕಿ ಕುದಿಸಿ. ಮೊದಲು ನೀರು ತಿಳಿಯಾಗಿ ನೇರಳೆಯಾಗುತ್ತದೆ, ಆಮೇಲೆ ನೇರಳೆಹಣ್ಣಿನ ರಸದಷ್ಟು ಗಾಢವಾಗುತ್ತದೆ. ಮನೆಯೆಲ್ಲ ಅದರದೇ ಒಂದು ಘಮ. ಸೋಸಿ, ಆ ನೀರಿನಲ್ಲೇ ಅಕ್ಕಿ ಬೇಯಿಸಿ, ಬೆಲ್ಲ ಹಾಕಿ, ಇಳಿಸುವ ಮುಂಚೆ ತೆಂಗಿನಹಾಲು ಬೆರೆಸಿ. ಗರ್ಭಿಣಿಯರು, ದಿನಾ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳಿಕೊಂಡು ತಿನ್ನಿ. ಮೊದಲ ಸಲ ತಿನ್ನುವವರು ಅರ್ಧ ಬಟ್ಟಲು ತಿನ್ನಿ ಸಾಕು. ಮರುದಿನ ಬೆಳಿಗ್ಗೆ ಮೂತ್ರ ಕೆಂಪಾಗಿರುತ್ತದೆ. ಅದು ಸೊಪ್ಪಿನ ಬಣ್ಣ, ಗಾಬರಿ ಬೇಡ.

ನೋಟ್‌ಬುಕ್ಕನ್ನು ಎತ್ತಿಡಬೇಡಿ. ಮಳೆ ಬಿಟ್ಟು ಬಿಸಿಲು ಚುರುಕಾದರೆ ಪಿತ್ತ ಕೆರಳುವ ಕಾಲ. ಅಕ್ಟೋಬರದಲ್ಲಿ ತುಲಾ ಸಂಕ್ರಮಣಕ್ಕೆ ಮನೆಗೆ ಕಾವೇರಿ ತೀರ್ಥ ತರುತ್ತೀರಲ್ಲ, ಆ ವಾರ ಇದೇ ಐದು ಬೆಳಿಗ್ಗೆಯನ್ನು ಮತ್ತೆ ಮಾಡಿ, ಪುಟಗಳನ್ನು ಪಕ್ಕಪಕ್ಕ ಇಟ್ಟು ಓದಿ ನೋಡಿ.